ಗುಂಡಿ ಬ್ಯಾಟರಿ

ಶನಿವಾರ, ಭಾನುವಾರ ಎರಡು ದಿನ
ಗೋಡೆಯ ಸ್ವಿಚ್ಚು ಆರಿಸಿ ಹೋಗುತ್ತಾರೆ ಮೊಯ್ದಿನಬ್ಬ,
ಕರೆಂಟಿನ ಬಿಲ್ಲಿಗೆ ಹೆದರಿ.
ಸೋಮವಾರ ಎಂಟಕ್ಕೆ ಶಟರ್ ಎತ್ತಿದರೆ
ರಾಸ್ ಅಲ್ ಖೈಮಾದ ನಖೀಲ್ ಬೀದಿಯ
ನಮ್ಮ ಟೈಪಿಂಗ್ ಸೆಂಟರಿನ ಕಂಪ್ಯೂಟರು ಹೇಳುತ್ತದೆ:
ಇವತ್ತು ಎರಡು ಸಾವಿರದ ಒಂಬತ್ತು, ಜನವರಿ ಒಂದು.

ಹೊಸ ವರ್ಷದ ಶುಭಾಶಯ, ಮಾರಾಯ.
ವಿಂಡೋಸ್ ಎಲ್ಲಿ?

ಅರಬ್ಬಿ ಅರ್ಜಿಗಳು, ಹತ್ತು ವರ್ಷದ ಲೆಕ್ಕ,
ಕೆಮ್ಮುತ್ತ ಅಚ್ಚೊತ್ತುವ ಮುದಿ ಪ್ರಿಂಟರಿನ ಗುಟ್ಟು
ಎಲ್ಲ ಇದ್ದ ಆ ಕಡೆ ಇಲ್ಲವೇ ಇಲ್ಲ.
ಬಂದದ್ದು ಪುಂಡಲೀಕನ ಉಬುಂಟು,
ಸಲಾಲಾಕ್ಕೆ ಕೆಲಸ ಬದಲಿಸಿ ಹೋಗುವ ಮೊದಲು
ಎರಡನೇ ಡಿಸ್ಕಿನಲ್ಲಿ ಅವನು ಬಿಟ್ಟುಹೋದದ್ದು,
ಕನ್ನಡ ಕೀಲಿಮಣೆ ಸಮೇತ.

ಬೆಂಚಿನ ಮೇಲೆ ರುಹುಲ್, ನೀರಿನ ಟ್ಯಾಂಕರಿನವನು.
ಅವನ ವೀಸಾಕ್ಕೆ ಇವತ್ತೇ ಕೊನೆ.

"ಫಾರ್ಮ್ಯಾಟ್ ಮಾಡು" ಎಂದರು ಮೊಯ್ದಿನಬ್ಬ.
"ಫಾರ್ಮ್ಯಾಟ್" ಎಂದ ಎದುರಿನ ಮೊಬೈಲ್ ಅಂಗಡಿಯವ.
ದುಬೈಯಲ್ಲಿರುವ ಅಳಿಯ ಫೋನಿನಲ್ಲೇ
ನಾಡಿ ಹಿಡಿದು ಅದನ್ನೇ ಹೇಳಿದ.
ತಲೆನೋವಿಗೆ ತಲೆ ತೆಗೆಯುವ ವೈದ್ಯರಿಗೆ
ಈ ಕಡೆ ಬರವಿಲ್ಲ.

ತಾಳಿ ಎಂದೆ. ಎಫ್ ಎರಡು ಒತ್ತಿದೆ.
ನೀಲಿ ಪರದೆ. ಬಾಣದ ಗುಂಡಿಯಲ್ಲಿ ಇಳಿದಿಳಿದು
ಬೂಟ್ ಮೋಡ್ ಎಂಬ ಸಾಲಿಗೆ ಬಂದೆ:
ಯುಇಎಫ್‌ಐ ಮಾತ್ರ.
ಓ.
ವಿಂಡೋಸ್ ಹಾಕಿದ್ದು ಹಳೇ ಕ್ರಮದಲ್ಲಿ, ಲೆಗಸಿ.
ಪುಂಡಲೀಕ ಹಾಕಿದ್ದು ಹೊಸತರಲ್ಲಿ.
ಒಂದನ್ನು ಕರೆದರೆ ಇನ್ನೊಂದಕ್ಕೆ ಕಿವಿ ಕೇಳುವುದಿಲ್ಲ.
ಅಳಿಸಿಹೋಗಿಲ್ಲ ಏನೂ. ಎಲ್ಲ ಅಲ್ಲೇ ಉಂಟು,
ಕರೆಯುವ ದನಿ ಬದಲಾಗಿದೆ, ಅಷ್ಟೆ.

ಲೆಗಸಿಗೆ ತಿರುಗಿಸಿದೆ. ವಿಂಡೋಸ್ ಬಂತು. ರುಹುಲ್ ಎದ್ದು ನಿಂತ.
ಅಷ್ಟರಲ್ಲಿ ವಯರಿಗೆ ಮೊಯ್ದಿನಬ್ಬರ ಕಾಲು ತಾಗಿ
ಮತ್ತೆ ಜನವರಿ ಒಂದು.

ಒಳಗಿನ ಗುಂಡಿ ಬ್ಯಾಟರಿ ಸತ್ತಿದೆ ಎಂದೆ.
ಕರೆಂಟಿಲ್ಲದಾಗ ನೆನಪಿಟ್ಟುಕೊಳ್ಳುವುದು ಅದು.
ವಾಚಿನ ಅಂಗಡಿ ಹತ್ತಕ್ಕೆ ಮೊದಲು ತೆರೆಯುವುದಿಲ್ಲ.

ದೋಣಿಯ ಲೈಸೆನ್ಸಿಗೆ ಬಂದು ಮೂಲೆಯಲ್ಲಿ ಕೂತಿದ್ದ
ಖಲ್ಫಾನ್ ಅಜ್ಜ ಮಾತಾಡಲಿಲ್ಲ.
ಕಂದೂರದ ಜೇಬಿನಿಂದ ಕಾರಿನ ರಿಮೋಟ್ ತೆಗೆದು
ಉಗುರು ತೂರಿಸಿ ಟಕ್ಕೆಂದು ಬಿಡಿಸಿ
ಒಳಗಿನ ಬೆಳ್ಳಿಬಿಲ್ಲೆಯನ್ನು ನನ್ನ ಅಂಗೈಗಿಟ್ಟ.
ಅದೇ ಅಳತೆ.
ನಿಮ್ಮ ಕಾರು? ಎಂದೆ.
ರಿಮೋಟಿನ ಹೊಟ್ಟೆಯಿಂದ ಸಣ್ಣದೊಂದು
ಕಬ್ಬಿಣದ ಬೀಗದಕೈ ಎಳೆದು ತೋರಿಸಿದ.

ತಾರೀಖು ತಿದ್ದಿದೆ. ಗಂಟೆ ತಿದ್ದಿದೆ.
ಒಂಬತ್ತೂ ಮುಕ್ಕಾಲಿಗೆ ರುಹುಲನ ಅರ್ಜಿ ಹೋಯಿತು.
ಅವನು ಚಾ ತರಿಸಿದ, ಏಳು ಗ್ಲಾಸು,
ಫಾರ್ಮ್ಯಾಟ್ ಎಂದವರಿಗೂ.

ಊಟದ ಬಿಡುವಿನಲ್ಲಿ ಮೋಡ್ ಮತ್ತೆ ಬದಲಿಸಿ
ಪುಂಡಲೀಕನ ಕಡೆಗೆ ಬಂದಿದ್ದೇನೆ, ಇದನ್ನು ಬರೆಯಲು.
ಗಡಿಯಾರ ನಾಲ್ಕು ಗಂಟೆ ಮುಂದಿದೆ.
ವಿಂಡೋಸ್ ಬರೆದಿಟ್ಟ ಇಲ್ಲಿನ ಹೊತ್ತನ್ನು
ಗ್ರೀನಿಚ್ಚಿನದ್ದೆಂದು ನಂಬಿ
ಮೇಲೆ ಮತ್ತೆ ನಾಲ್ಕು ಕೂಡಿಸಿದೆ, ಪಾಪ.
ಒಂದೂವರೆಗೆ ಐದೂವರೆ.
ನಖೀಲಿನ ಹೊತ್ತಲ್ಲ, ಉಪ್ಪಿನಂಗಡಿಯದೂ ಅಲ್ಲ,
ಅಲ್ಲಿ ಈಗ ಮೂರು.
ಯಾವೂರಿನದ್ದು ಮಾರಾಯ ಇದು, ಎಂದು ನಗುತ್ತಿದ್ದರೆ
ಪಾಸ್‌ಪೋರ್ಟಿನ ಜೆರಾಕ್ಸಿಗೆ ಬಂದ ಪಕ್ಕದ ಸಲೂನಿನ ಮರಿಸೆಲ್
ಪರದೆಗೆ ಇಣುಕಿ,
"ಸರಿಯಾಗೇ ಇದೆಯಲ್ಲ," ಎಂದಳು,
"ಮನಿಲಾದಲ್ಲಿ ಈಗ ಅಷ್ಟೇ.
ಮಗ ಮನೆಗೆ ಬಂದಿರುತ್ತಾನೆ."

ಸರಿಪಡಿಸಲು ಒಂದು ಸಾಲಿನ ಆಜ್ಞೆ ಸಾಕು.
ಬಾಯಿಪಾಠ ಉಂಟು ನನಗೆ.
ಅವಳ ಜೆರಾಕ್ಸ್ ಮುಗಿಯಲಿ.