ಜೀವಾಳ

ಒಂದು ಗೇಣು ರೇಶ್ಮಿ ಎಳಿ ಬೇಕಂತ
ಬಸಲಿಂಗವ್ವಕ್ಕ ಹೇಳಿ ಕಳಿಸಿದ್ಳು.
ಗುಳೇದಗುಡ್ಡದಾಗ ಎಳಿಗೇನು ಬರ?
ಖಣದ ಮಗ್ಗದಿಂದ ಹಸರೊಂದು, ಕುಸುಬಿ ಬಣ್ಣದ್ದೊಂದು
ಬೆರಳಿಗೆ ಸುತಿಗೊಂಡು ಹೋದೆ.

ತಂಬೂರಿ ಕುದುರಿ ಮ್ಯಾಲ, ತಂತಿ ಕೆಳಗ
ಎಳಿ ತೂರಿಸಿ ಸರಿಸಿದ್ಳು,
ಅಕ್ಕಿಕಾಳಿನಷ್ಟು ಆಕಡೆ,
ಅದರರ್ಧ ಈಕಡೆ.
ಸತ್ತಂಗ ಬಿದ್ದಿದ್ದ ಖರ್ಜದ ತಂತಿ
ಒಮ್ಮೆಲೇ ಜೇನಹುಟ್ಟಾತು.

‘ಏನ ಕೇಳತೈತಿ?’
ಸಾ.
‘ಅದರ ಮ್ಯಾಲ?’
ಪಾ ಇದ್ದಂಗೈತಿ.
‘ಇನ್ನೂ ಮ್ಯಾಲ ಹತ್ತು.’

ಅಲ್ಲಿತ್ತು, ಯಾರೂ ಮೀಟದ ಗಾಂಧಾರ.
ಅದಕ್ಕಂತ ಕಟ್ಟಿದ ತಂತಿಲ್ಲ,
ಖರ್ಜದ ಹೊಟ್ಟ್ಯಾಗ ಐದನೇ ಕೂಸು.

ಖಾಜೇಸಾಬ ಪೇಟಿ ತಗದು ತನ್ನ ಗಾ ಒತ್ತಿದ.
ಎರಡರ ನಡುವ ನಡುಕ,
ಕೊಡ ಹೊತ್ತಾಕಿ ಎಡವಿದಾಗ ನೀರು ತುಳುಕಿದಂಗ.
ಕೂದಲೆಳಿಯಷ್ಟ ಏರು, ಅಷ್ಟ.
‘ಪೇಟಿ ಮಾಡಿದಂವ ಎಲ್ಲಾ ಮನಿಗೂ ಸಮ ಹಂಚ್ಯಾನವ್ವ,
ಹಿಂಗಾಗಿ ಒಂದ ಮನ್ಯಾಗೂ ಹೊಟ್ಟಿ ತುಂಬಿಲ್ಲ.’
ಮೂವತ್ತು ವರ್ಷ ಆಕಿ ಹಾಡಿಗೆ ಸಾಥಿ.
ಗಾ ಬಂದಲ್ಲಿ ಬೆರಳು ಎತ್ತಿಬಿಡತಾನ,
ಖಾಲಿ ಬಿಟ್ಟ ಆ ಜಾಗದಾಗ
ಆಕಿ ಹೋಗಿ ನಿಲ್ಲತಾಳ.

ರಾತ್ರಿ, ಉಳಿದ ಎಳಿ ಐದು ಮಡಿಕಿ ಮಾಡಿದೆ.
ಒಂದು ಪಾಲು ಉಗುರಿಲೆ ಒತ್ತಿ,
ನಾಕು ಪಾಲು ಹಲ್ಲಾಗ ಬಿಗಿಹಿಡಿದು ಮೀಟಿದೆ.
ಕಿವಿಯೊಳಗಲ್ಲ, ದವಡ್ಯಾಗ ಕೇಳಿತು.

‘ಏನ ಹುಡಕಾಕತ್ತಿಯೇ ನಡುರಾತ್ರ್ಯಾಗ?’
ಅತ್ತಿ ಕೌದಿಯೊಳಗಿಂದ ಗದರಿದ್ಳು.

ಗಂಟು, ಅಂದೆ.