ನಲವತ್ತೊಂದನೆಯ ದಿನ

ಚಳ್ಳಕೆರೆ ದಾಟಿ ಕಾರು ಬಂತು.
ಮುಂಗಡ ಎಣಿಸಿಕೊಂಡೇ ಬಂದಿದ್ದ:
"ಇವತ್ತೇ ಕೊಡು, ಬಾಟ್ಲಿ ಹಾಲು ಕುಡುಸ್ತೀನಿ."

ಪಾಲಕ್ಕ ಹಟ್ಟಿಯ ಮುಳ್ಳುಬೇಲಿ ಸರಿಸಿ
ತೋರಿಸಿದಳು ಅಷ್ಟೆ:
ಬೂದಿಯ ಕಿವಿ ಕಚ್ಚಿದ ಮರಿ
ಅವಳ ಒಂದೇ ಗುರ್‌ಗೆ ಅಂಗಾತ ಬಿತ್ತು.
ಎದ್ದು ಮತ್ತೆ ಕಚ್ಚಿತು,
ಮೆತ್ತಗೆ.

"ಆ ಮೆತ್ತಗೆ ಅನ್ನೋದು ಬಾಟ್ಲಿಯಾಗಿರಲ್ಲ ಸ್ವಾಮಿ.
ಕರುವಿನಷ್ಟಾಗುತ್ತೆ ಇದು,
ನಿಮ್ಮನೇಲಿ ಕೂಸೈತೆ.
ಇನ್ನ ಹದಿನೈದು ದಿನ ತಾಯಿ ಬಯ್ಲಿ,
ನಮ್ಮ ಟಗರೂ ಎರಡು ಗುದ್ಲಿ."

ಶೇಂಗಾ ಹೊಲದ ಮೇಲೆ ಧೂಳೆಬ್ಬಿಸಿ
ಕಾರು ಹೋಯಿತು, ದುಡ್ಡಿನ ಸಮೇತ.
ಗುಡ್ಡದ ಫ್ಯಾನು ತಿರುಗುತ್ತಲೇ ಇತ್ತು.

ಬೂದಿ ಮೊಲೆ ಬಿಡಿಸಿಕೊಂಡು ಎದ್ದಳು.
ಎರಡನೇ ಸೂಲು. ಇದೇ ಕೊನೆ, ಎನ್ನುತ್ತ
ಪಾಲಕ್ಕ ಅವಳ ಪಕ್ಕೆಲುಬು ಸವರಿ
ರಾಗಿ ಅಂಬಲಿಗೆ
ಮಾರಲೆಂದು ಎತ್ತಿಟ್ಟ ಮೊಟ್ಟೆ ಒಡೆದಳು.