ಹೊಸ್ತಿಲ ತನಕ

ಶಹಾಬಾದಿನ ಹಳೇ ಫರ್ಸಿ ಗಣಿಯ ಅಂಚಿಗೆ
ಮೂರು ಮೀಟರಿಗೊಂದರಂತೆ ಜಿಯೋಫೋನು ನೆಟ್ಟು
ಕೇಬಲ್ಲಿನ ಸಿಕ್ಕು ಬಿಡಿಸುವಷ್ಟರಲ್ಲಿ ಹತ್ತೂವರೆ.
ಎಂ.ಎಸ್ಸಿ. ಎರಡನೇ ವರ್ಷ, ಆರು ಮಂದಿ, ಒಂದೇ ಛತ್ರಿ.
ಸಮ್ಮಟಿಗೆ ಎತ್ತುವ ತೋಳು ಮಾತ್ರ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಲಾಡ್ಲೇಸಾಬ್ ಬಂದ. ಅಂಗೈಗೆ ಉಗುಳಿಕೊಂಡು ಕೇಳಿದ:
"ಎಲ್ಲಿ ಬಡೀಬೇಕವ್ವಾ?"
"ಈ ಕಬ್ಬಿಣದ ತಟ್ಟಿ ಮ್ಯಾಲ. ಒಂದೇ ಏಟು.
ಆಮ್ಯಾಲ ಯಾರೂ ಕೆಮ್ಮಬಾರದು."

ಬಡಿದ.
ಪರದೆಯ ಮೇಲೆ ಇಪ್ಪತ್ನಾಲ್ಕು ಗೆರೆ ಬೆಚ್ಚಿದವು,
ಹತ್ತಿರದ್ದು ಮೊದಲು, ದೂರದ್ದು ತಡವಾಗಿ,
ಊಟದ ಪಂಕ್ತಿಯಲ್ಲಿ ಉಪ್ಪು ಮುಗಿದ ಸುದ್ದಿ ಸಾಗಿದ ಹಾಗೆ.

ಅವನು ಪರದೆ ನೋಡಲಿಲ್ಲ.
ಮಂಡಿಯೂರಿ ಹಾಸುಗಲ್ಲಿಗೆ ಕಿವಿ ಹಚ್ಚಿದ್ದ.
"ಎರಡು ಮಾರು ಕೆಳಗ ಪೊಳ್ಳು ಅದ," ಅಂದ.
ನಲವತ್ತು ವರ್ಷ ಫರ್ಸಿ ತಟ್ಟಿ ಆರಿಸಿದ ಕಿವಿ:
ಗಟ್ಟಿಯದು ಠಣ್ ಅಂತದ, ಬಿರುಕಿದ್ದದ್ದು ಢಬ್.
ಅದೇ ಮಾತು ಹೇಳಲು ನಮ್ಮ ಗೆರೆಗಳಿಗೆ
ಮುಂದಿನ ಗುರುವಾರದ ತನಕ ಬೇಕಾಯಿತು.

"ನಿಮ್ಮ ಮಷೀನ ಎಷ್ಟು ಆಳ ಕೇಳತದ?"
"ಮೂವತ್ತು ಮೀಟರು."
"ಅದರ ಕೆಳಗ?"
ಅದರ ಕೆಳಗೆ ಪುಸ್ತಕ, ಅಂದೆ.
ನಡುಗರ್ಭಕ್ಕೆ ಆರು ಸಾವಿರ ಚಿಲ್ಲರೆ ಕಿಲೋಮೀಟರು,
ಮನುಷ್ಯ ಕೊರೆದು ಮುಟ್ಟಿದ್ದು ಹನ್ನೆರಡು.
ಉಳಿದದ್ದೆಲ್ಲ ಕಿವಿಮಾತು.
ಒಂದು ಜಾತಿಯ ಅಲೆ ದ್ರವದೊಳಗೆ ಕಾಲಿಡುವುದಿಲ್ಲ;
ಭೂಮಿಯ ಆ ಬದಿಗೆ ಅದು ಬಾರದೇ ಹೋದದ್ದಕ್ಕೇ
ನಡುವೆ ಕರಗಿದ ಕಬ್ಬಿಣ ಇದೆಯೆಂದು ಗೊತ್ತಾಯಿತು.
ಗೈರುಹಾಜರಾದವರನ್ನು ಎಣಿಸಿ ತರಗತಿ ಎಷ್ಟೆಂದು ಹೇಳುವ ಶಾಸ್ತ್ರ.

ಚಹಾಕ್ಕೆ ಮನೆಗೆ ಕರೆದ. ಅಲ್ಲಿ ಹೇಳಿದ:
ತೊಂಬತ್ತಮೂರು. ಗಣಪತಿ ಕಳಿಸಿದ ರಾತ್ರಿ. ನಸುಕು ಇನ್ನೂ ದೂರ.
ಗೋಡೆಗೆ ಆನಿಸಿಟ್ಟ ಫರ್ಸಿಗಳು ತಮ್ಮತಮ್ಮೊಳಗೆ
ಹಲ್ಲು ಕಡಿದ ಹಾಗೆ ಸದ್ದು ಮಾಡಿದವಂತೆ.
"ಬೆಕ್ಕು ಅಂದ್ಕೊಂಡೆ. ಎದ್ದೆ.
ಜೋಳಿಗೀ ಒಳಗಿನ ಮಗನ್ನ ಎತ್ತಿಕೊಂಡೆ.
ಹೊಸ್ತಿಲು ದಾಟೂದಕ್ಕೂ ನೆಲ ಖರೇನ ತೂಗೂದಕ್ಕೂ ಬರೋಬ್ಬರಿ ಆತು."

ನನ್ನ ಕೈಯಲ್ಲಿ ಲೋಟ ನಿಂತಿತು.
ಮೊದಲ ಅಲೆ. ಎರಡನೇ ಅಲೆ. ನಡುವೆ ಒಬ್ಬ ಮನುಷ್ಯನ ನಡಿಗೆ.
ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ದೂರ:
ಮೊದಲ ಸೆಮಿಸ್ಟರಿನ ಎರಡು ಅಂಕದ ಪ್ರಶ್ನೆ.
"ಕಾಕಾ, ಇನ್ನೊಮ್ಮೆ ನಡೀತೀರೇನು?"

ವಾಡಿಯ ಸಿಮೆಂಟ್ ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ
ಮಗ ಬಂದೇನವಾಜ್ ಒಳಗೆ ಮಲಗಿದ್ದ. ಸದ್ದಿಲ್ಲದೆ
ಮಂಚದಿಂದ ಎದ್ದ ಮುದುಕ,
ಜೋಳಿಗೆ ಇದ್ದ ಮೂಲೆಗೆ ಬಾಗಿ
ಖಾಲಿ ತೋಳು ಮಡಚಿಕೊಂಡು ನಡೆದ.
ಮೊಬೈಲಿನ ಗಡಿಯಾರ: ಹತ್ತೊಂಬತ್ತು.
ನೂರಾ ಐವತ್ತೆರಡು ಕಿಲೋಮೀಟರು. ಲಾತೂರು ದಾಟಿತು.
"ಆವತ್ತು ನಡದಿಲ್ಲವ್ವಾ, ಹಾರಿದ್ದೆ."

ಅಷ್ಟರಲ್ಲಿ ಎಚ್ಚರಾದ ಮಗ, ಕೆಂಪು ಕಣ್ಣು,
ಅಪ್ಪನಿಗೆ ಆ ರಾತ್ರಿ ಇದ್ದಷ್ಟೇ ವಯಸ್ಸು.
"ಏನು ಹುಚ್ಚಾಟ ಅಬ್ಬಾ" ಎನ್ನುತ್ತಲೇ
ದಿಂಬು ಅವಚಿಕೊಂಡು ಹೊಸ್ತಿಲಿಗೆ ಬಂದ.
ಹನ್ನೊಂದು. ಎಂಬತ್ತೆಂಟು. ಕಿಲ್ಲಾರಿಗೆ ಇನ್ನೂ ದಾರಿ ಉಳಿಯಿತು.

ಎರಡರ ನಡುವೆ ಎಲ್ಲೋ ಆ ರಾತ್ರಿ ಇದೆ.
ಸರಾಸರಿ ತೆಗೆಯಲು ಪೆನ್ನು ಎತ್ತಿ, ಬಿಟ್ಟೆ.
ದಿಂಬು ಅಳುವುದಿಲ್ಲ, ಒದೆಯುವುದಿಲ್ಲ.

ಫೀಲ್ಡ್ ನೋಟ್‌ಬುಕ್ಕಿನ ಕೊನೆಯ ಕಾಲಮ್ಮು, ದೋಷ:
ಹೆಚ್ಚುಕಮ್ಮಿ ಐದು ಸೆಕೆಂಡು.
ಕಾರಣ: ಮೊಣಕಾಲು.
ಸರ್ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರೆ,
ತಪ್ಪೆಂದೋ, ಸರಿಯೆಂದೋ,
ಇನ್ನೂ ಕೇಳಿಲ್ಲ.